ರಸ್ತೆ ದಾಟಿ ಬಂದು ಓದು

(ಬೋರ್ಡ್ ಬರೆಯುವವರು, ಪ್ರೆಸ್ಸಿನವರು ಮತ್ತು ಚಿತ್ರಕಲೆ ಓದುತ್ತಿರುವ ಮಕ್ಕಳು ಸೇರಿದ್ದ ತುಮಕೂರಿನ ಒಂದು ಸಂಜೆ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಜಾಹೀರಾತು, ವಿನ್ಯಾಸ, ಅಕ್ಷರ ಈ ಮೂರು ಕಸುಬಿನಲ್ಲಿ ಹೆಸರು ಮಾಡಿದವರ ಬಗ್ಗೆ ಮಾತಾಡಿ ಅಂತ ನನ್ನನ್ನು ಕರೆದಿದ್ದೀರಿ. ಲಂಡನ್, ನ್ಯೂಯಾರ್ಕ್, ಬಾಂಬೆ ಎಲ್ಲಾ ಬರುತ್ತವೆ, ಅವಸರ ಬೇಡ. ಆದರೆ ನಾನು ಹೊರಡುವುದು ನಮ್ಮ ಅಶೋಕ ರಸ್ತೆಯಿಂದ. ಆ ದೊಡ್ಡವರು ಏನು ಮಾಡಿದರು ಅಂತ ನನಗೆ ಅರ್ಥವಾಗಿದ್ದೇ ಅಲ್ಲಿ ನಾನು ಮಾಡಿದ ಒಂದು ತಪ್ಪಿನಿಂದ.

ಅದು 1987. ನನಗೆ 17 ವರ್ಷ. ಬೋರ್ಡ್ ಬರೆಯುವ ಒಬ್ಬ ಮೇಷ್ಟ್ರ ಹತ್ತಿರ ಕೆಲಸಕ್ಕಿದ್ದೆ. ಮೊದಲ ಎರಡು ವರ್ಷ ಟರ್ಪೆಂಟೈನಿನಲ್ಲಿ ಬ್ರಷ್ ತೊಳೆಯುವುದು, ತಗಡಿಗೆ ಪ್ರೈಮರ್ ಹೊಡೆಯುವುದು, ದಾರಕ್ಕೆ ಸೀಮೆಸುಣ್ಣದ ಪುಡಿ ಹಚ್ಚಿ ಎರಡೂ ಕಡೆ ಬಿಗಿಹಿಡಿದು ಪಟ್ ಅಂತ ಬಿಟ್ಟು ಗೆರೆ ಹಾಕುವುದು, ಇಷ್ಟೇ ನನ್ನ ಕೆಲಸ. ಮೂರನೇ ವರ್ಷ ಒಂದು ಅಂಗಡಿ ಬೋರ್ಡನ್ನು ನನ್ನ ಕೈಗೇ ಬಿಟ್ಟರು. ಅಂಗಡಿ ಹೆಸರು ಪೂರ್ತಿ ಹೇಳುವುದಿಲ್ಲ. ‘ಧನ’ ಅಂತ ಶುರುವಾಗುತ್ತಿತ್ತು. ನನಗೆ ಆಗ ಸಿನಿಮಾ ಪೋಸ್ಟರಿನ ದಪ್ಪ ಅಕ್ಷರದ ಹುಚ್ಚು. ಅಗಲದ ಬ್ರಷ್ ತಗೊಂಡು, ಕೆಂಪು ಎನಾಮೆಲ್‌ನಲ್ಲಿ ಗುಂಡುಗುಂಡಾಗಿ ಬರೆದೆ. ಕಪ್ಪು ಶೇಡ್ ಕೊಟ್ಟೆ. ಏಣಿ ಮೇಲೆ ನಿಂತು ನೋಡಿದರೆ ಎಷ್ಟು ಚೆಂದ ಇತ್ತು ಅಂತೀರಿ!

ಮೇಷ್ಟ್ರು ಸೈಕಲ್‌ನಲ್ಲಿ ಬಂದವರು ಎದುರುಗಡೆ ಫುಟ್‌ಪಾತ್ ಹತ್ತಿರವೇ ನಿಂತರು. ಅಲ್ಲಿಂದಲೇ ಕೂಗಿದರು: ‘ಲೋ, ಇಳಿ ಕೆಳಗೆ. ರಸ್ತೆ ದಾಟಿ ಬಂದು ಓದು.’

ದಾಟಿ ಹೋಗಿ ತಿರುಗಿ ನೋಡಿದೆ. ‘ಧ’ದ ಹೊಟ್ಟೆ ಸೀಳು ಮಾಯವಾಗಿತ್ತು. ದಪ್ಪ ಬ್ರಷ್ಷಿನ ಬಣ್ಣ, ಶೇಡಿನ ಕಪ್ಪು ಎರಡೂ ಸೇರಿ ಆ ಸಣ್ಣ ಸೀಳನ್ನು ನುಂಗಿಬಿಟ್ಟಿದ್ದವು. ಅಂಗಡಿ ಮೇಲೆ ‘ದನ’ ಅಂತ ಇತ್ತು. ಒಳಗೆ ಅಂಗಡಿಯವರು ಪೂಜೆಗೆ ಮಾವಿನ ತೋರಣ ಕಟ್ಟುತ್ತಿದ್ದರು.

ನಗಿ, ಪರವಾಗಿಲ್ಲ. ಆವತ್ತು ನನಗೆ ನಗು ಬರಲಿಲ್ಲ. ಆ ಬೋರ್ಡನ್ನು ರಾತ್ರಿಯೆಲ್ಲಾ ಕೂತು ಮತ್ತೆ ಬರೆದೆ. ಬಣ್ಣದ ಖರ್ಚು ನನ್ನ ಕೂಲಿಯಲ್ಲಿ ಮುರಿದುಕೊಂಡರು. ಆದರೆ ಆ ಒಂದು ಮಾತು ಮಾತ್ರ ಉಳಿಯಿತು. ಬರೆಯುವವನು ಏಣಿ ಮೇಲಿರುತ್ತಾನೆ, ಓದುವವನು ರಸ್ತೆ ಆಚೆ ಇರುತ್ತಾನೆ. ಆಮೇಲೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿ ಬಂತು, ನಾನೂ ಕಲಿತೆ. ಪುಸ್ತಕ ಓದಲು ಶುರು ಮಾಡಿದೆ. ಹೊರದೇಶದ ದೊಡ್ಡ ದೊಡ್ಡ ಹೆಸರುಗಳು ಸಿಕ್ಕವು. ಅವರಲ್ಲಿ ನಾನು ಹುಡುಕಿದ್ದು ಒಂದೇ: ಈತ ರಸ್ತೆ ದಾಟಿದ್ದನಾ, ಇಲ್ಲವಾ?

ಮೊದಲು ಜಾನ್ ಬಾಸ್ಕರ್‌ವಿಲ್. ನಿಮ್ಮ ಕಂಪ್ಯೂಟರಿನ ಇಂಗ್ಲಿಷ್ ಫಾಂಟುಗಳ ಪಟ್ಟಿಯಲ್ಲಿ ಈ ಹೆಸರು ನೋಡಿರುತ್ತೀರಿ. ಫಾಂಟ್ ಹೆಸರು ಅಂದುಕೊಂಡಿರುತ್ತೀರಿ. ಅದೊಬ್ಬ ಮನುಷ್ಯನ ಹೆಸರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಊರಿನವನು, 1775ರಲ್ಲಿ ತೀರಿಕೊಂಡ. ನನಗೆ ಆತ ಇಷ್ಟವಾಗಲು ಕಾರಣ ಏನು ಗೊತ್ತಾ? ಆತ ಬದುಕು ಶುರು ಮಾಡಿದ್ದು ಮಕ್ಕಳಿಗೆ ಅಕ್ಷರ ತಿದ್ದಿಸುವ ಮೇಷ್ಟ್ರಾಗಿ, ಜೊತೆಗೆ ಸಮಾಧಿ ಕಲ್ಲಿನ ಮೇಲೆ ಹೆಸರು ಕೆತ್ತುವವನಾಗಿ. ತನ್ನ ಕೆಲಸದ ಮಾದರಿ ತೋರಿಸಲು ಒಂದು ಕಲ್ಲಿನ ಬೋರ್ಡ್ ಮಾಡಿಟ್ಟಿದ್ದ. ಸಮಾಧಿ ಕಲ್ಲುಗಳನ್ನು ಯಾವ ಶೈಲಿಯ ಅಕ್ಷರದಲ್ಲಿ ಬೇಕಾದರೂ ಕೆತ್ತಿ ಕೊಡಲಾಗುವುದು, ಅಂತ ಅದರ ಮೇಲೆ ಇದೆ. ಒಂದೊಂದು ಸಾಲು ಒಂದೊಂದು ಶೈಲಿ. ಆ ಕಲ್ಲು ಇವತ್ತಿಗೂ ಅದೇ ಊರಿನ ಲೈಬ್ರರಿಯಲ್ಲಿದೆ. ನಮ್ಮ ಕೋಲಾರದ ಕಡೆ ಶಿವಾರಪಟ್ಟಣಕ್ಕೆ ಹೋದರೆ ಮನೆ ಮುಂದೆಯೇ ಮೂರ್ತಿ ಕೆತ್ತುತ್ತಾ ಕೂತಿರುತ್ತಾರಲ್ಲ, ಅಂಥ ಕುಶಲಕರ್ಮಿ ಈತ. ನಮ್ಮ ಜಾತಿಯವನು. ಜಾತಿ ಅಂದರೆ ಕಸುಬಿನ ಜಾತಿ.

ಅರಗಿನ ಹೊಳಪು ಕೊಟ್ಟ ತಟ್ಟೆ, ಪೆಟ್ಟಿಗೆ ಮಾರಿ ಚೆನ್ನಾಗಿ ದುಡ್ಡು ಮಾಡಿದ. ಆ ದುಡ್ಡನ್ನೆಲ್ಲಾ ಮುದ್ರಣಕ್ಕೆ ಸುರಿದ. ಅಕ್ಷರದ ಮೊಳೆ, ಅಂದರೆ ಅಚ್ಚಿಗೆ ಜೋಡಿಸುವ ಲೋಹದ ಅಕ್ಷರ, ಅದನ್ನಷ್ಟೇ ಅಲ್ಲ, ಶಾಯಿ, ಕಾಗದ, ಯಂತ್ರ ಎಲ್ಲವನ್ನೂ ತಿದ್ದಿದ. ಅಚ್ಚಾದ ಹಾಳೆಯನ್ನು ಬಿಸಿ ತಗಡಿನ ನಡುವೆ ಒತ್ತಿ ನುಣುಪು ಮಾಡುತ್ತಿದ್ದ, ಇಸ್ತ್ರಿ ಹಾಕಿದ ಹಾಗೆ. ಮೊದಲ ಪುಸ್ತಕ 1757ರಲ್ಲಿ ಬಂತು. ಅವನ ಅಕ್ಷರದಲ್ಲಿ ದಪ್ಪ ಗೆರೆ, ಸಣ್ಣ ಗೆರೆಯ ವ್ಯತ್ಯಾಸ ಜಾಸ್ತಿ. ಲಂಡನ್ನಿನ ಪ್ರೆಸ್ಸಿನವರಿಗೆ ಇದು ಸರಿ ಹೋಗಲಿಲ್ಲ. ಇವನ ಪುಸ್ತಕ ಓದಿದರೆ ದೇಶದವರೆಲ್ಲಾ ಕುರುಡರಾಗುತ್ತಾರೆ ಅಂತ ಸುದ್ದಿ ಹಬ್ಬಿತು.

ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಗೊತ್ತಲ್ಲ? ಅವರೂ ಮೂಲತಃ ಪ್ರೆಸ್ಸಿನವರೇ. 1760ರಲ್ಲಿ ಅವರು ಬಾಸ್ಕರ್‌ವಿಲ್‌ಗೆ ಒಂದು ಕಾಗದ ಬರೆದರು. ಅದರಲ್ಲಿ ಒಂದು ತಮಾಷೆ ಇದೆ. ಒಬ್ಬ ದೊಡ್ಡ ಮನುಷ್ಯ ಬಂದು ಬಾಸ್ಕರ್‌ವಿಲ್ ಅಕ್ಷರದಿಂದ ಕಣ್ಣು ನೋಯುತ್ತದೆ ಅಂದ. ಫ್ರಾಂಕ್ಲಿನ್ ಒಳಗೆ ಹೋಗಿ, ಎಲ್ಲರೂ ಮೆಚ್ಚುತ್ತಿದ್ದ ಕ್ಯಾಸ್ಲನ್ ಅನ್ನುವವರ ಅಕ್ಷರದ ಮಾದರಿ ಹಾಳೆ ತಂದರು. ಮೇಲಿನ ಹೆಸರನ್ನು ಹರಿದು ಹಾಕಿದ್ದರು. ಇಗೋ ಬಾಸ್ಕರ್‌ವಿಲ್ ಅಕ್ಷರ, ಎಲ್ಲಿ ನೋಯುತ್ತದೆ ತೋರಿಸಿ, ಅಂದರು. ಆ ಪುಣ್ಯಾತ್ಮ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಇಲ್ಲಿ ನೋಡಿ, ಅಲ್ಲಿ ನೋಡಿ ಅಂತ ತಪ್ಪು ತೋರಿಸಿದ! ನೋಡುತ್ತಾ ನೋಡುತ್ತಾ ಕಣ್ಣೂ ನೋಯುತ್ತಿದೆ ಅಂದ. ಮರ್ಯಾದೆ ಕಳೆಯುವುದು ಬೇಡ ಅಂತ ಫ್ರಾಂಕ್ಲಿನ್ ನಿಜ ಹೇಳದೆ ಸುಮ್ಮನಾದರು.

ಇಲ್ಲಿ ಡಿಟಿಪಿ ಮಾಡುವವರು ತಲೆ ಆಡಿಸುತ್ತಿದ್ದೀರಿ. ನಮ್ಮ ಹತ್ತಿರ ದಿನಾ ಬರುತ್ತಾರಲ್ಲ, ‘ಈ ಫಾಂಟ್ ಬೇಡ ಸಾರ್, ಬೇರೆ ಹಾಕಿ’ ಅಂತ. ಸುಮ್ನೆ ಹಿಂದೆ ತಿರುಗಿ, ಒಂದು ನಿಮಿಷ ಬಿಟ್ಟು ಅದನ್ನೇ ತೋರಿಸಿದರೆ, ‘ಹಾ, ಇದು ಸೂಪರ್’ ಅನ್ನುತ್ತಾರೆ. 260 ವರ್ಷದಿಂದ ಗಿರಾಕಿ ಬದಲಾಗಿಲ್ಲ.

ಇದೇ ಜಾಗದಲ್ಲಿ ಕನ್ನಡದ ಮಾತು ಹೇಳಿ ಮುಂದೆ ಹೋಗುತ್ತೇನೆ. ಮುಂದಿನ ಸಾಲಿನಲ್ಲಿ ಮೊಳೆ ಜೋಡಿಸಿದ ಕೈಗಳಿವೆ, ಅವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಇಂಗ್ಲಿಷಿನವನಿಗೆ 26 ಅಕ್ಷರ, ದೊಡ್ಡದು ಸಣ್ಣದು ಅಂತ ಎರಡು ಸಲ. ನಮಗೆ ಕಾಗುಣಿತ, ಒತ್ತು, ಕೊಂಬು, ಏತ್ವ ಎಲ್ಲಾ ಸೇರಿ ಮೊಳೆ ಇಡುವ ಕೇಸಿನಲ್ಲಿ ನೂರಾರು ಮನೆ. ಕನ್ನಡ ಮೊಳೆಯ ಅಚ್ಚು 1817ರಲ್ಲೇ ದೂರದ ಬಂಗಾಳದ ಸೆರಾಂಪುರದಲ್ಲಿ ಆಗಿತ್ತು, ವಿಲಿಯಂ ಕೇರಿಯವರ ವ್ಯಾಕರಣಕ್ಕೆ. ಆದರೂ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟಾಗ ಅದು ಮೊಳೆಯಿಲ್ಲದ ಕಲ್ಲಚ್ಚಿನಲ್ಲೇ ಬಂತು. ಅಂದರೆ ಯಾರೋ ಒಬ್ಬರು ಅಷ್ಟೂ ಸುದ್ದಿಯನ್ನು ಕೈಯಲ್ಲಿ ಬರೆದಿದ್ದಾರೆ. ಅವರ ಹೆಸರನ್ನು ಯಾರೂ ಹೇಳುವುದಿಲ್ಲ, ಸಂಪಾದಕ ಮೋಗ್ಲಿಂಗ್ ಹೆಸರು ಮಾತ್ರ ಎಲ್ಲಾ ಕಡೆ ಇದೆ. ನಮ್ಮ ಕಸುಬಿನಲ್ಲಿ ಇದು ಮಾಮೂಲು.

ಈಗ ನಿಜವಾಗಿ ರಸ್ತೆಗೇ ಇಳಿದವರ ಕಥೆ.

ನೀವು ಬೆಂಗಳೂರಿಂದ ಬರುವಾಗ ಕ್ಯಾತ್ಸಂದ್ರ ಟೋಲ್ ದಾಟಿದ ಮೇಲೆ ಬೋರ್ಡುಗಳನ್ನು ಓದಲು ಎಷ್ಟು ಹೊತ್ತು ಸಿಗುತ್ತದೆ? ಗಾಡಿ 80ರಲ್ಲಿದ್ದರೆ ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ತಟ್ಟೆ ಇಡ್ಲಿ ಹೋಟೆಲ್ ಬೋರ್ಡ್ ಓದಿ ಮುಗಿಸುವಷ್ಟರಲ್ಲಿ ಇಡ್ಲಿ ಹಿಂದೆ ಹೋಗಿರುತ್ತದೆ. 1950ರ ದಶಕದ ಕೊನೆಯಲ್ಲಿ ಬ್ರಿಟನ್ನಿಗೆ ಇದೇ ತಲೆನೋವು ಬಂತು. ಮೊದಲ ಸಲ ಮೋಟಾರ್‌ವೇ, ಅಂದರೆ ವೇಗದ ಹೆದ್ದಾರಿ, ಮಾಡುತ್ತಿದ್ದರು. ಬೋರ್ಡಿನ ಕೆಲಸ ಜಾಕ್ ಕಿನ್ನೇರ್ ಅನ್ನುವವರಿಗೆ ಬಂತು. ಅವರು ಕಾಲೇಜಿನಲ್ಲಿ ತಾವು ಪಾಠ ಹೇಳಿದ್ದ ಮಾರ್ಗರೆಟ್ ಕ್ಯಾಲ್ವರ್ಟ್ ಎಂಬ ಹುಡುಗಿಯನ್ನು ಜೊತೆಗೆ ಸೇರಿಸಿಕೊಂಡರು. ಆಕೆ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದವರು, ಆಗಿನ್ನೂ ಇಪ್ಪತ್ತರ ಆಚೀಚೆ.

ಅಲ್ಲಿಯವರೆಗೆ ಬೋರ್ಡ್ ಅಂದರೆ ಎಲ್ಲಾ ಕ್ಯಾಪಿಟಲ್ ಅಕ್ಷರ. ಇವರು ಮೊದಲ ಅಕ್ಷರ ಮಾತ್ರ ದೊಡ್ಡದು, ಉಳಿದದ್ದು ಸಣ್ಣದು ಮಾಡಿದರು. ಯಾಕೆ? ವೇಗದಲ್ಲಿ ಹೋಗುವವನು ಅಕ್ಷರ ಅಕ್ಷರ ಓದುವುದಿಲ್ಲ, ಪದದ ಆಕಾರ ಗುರುತು ಹಿಡಿಯುತ್ತಾನೆ. ಸಣ್ಣಕ್ಷರದಲ್ಲಿ ಮೇಲೆ ಕೆಳಗೆ ಏರಿಳಿತ ಇರುತ್ತದೆ. ಕ್ಯಾಪಿಟಲ್‌ನಲ್ಲಿ ಎಲ್ಲಾ ಇಟ್ಟಿಗೆ ಜೋಡಿಸಿದ ಹಾಗೆ. ಇದರ ಮೇಲೆ ದೊಡ್ಡ ಜಗಳವೇ ಆಯಿತು. ಡೇವಿಡ್ ಕಿಂಡರ್ಸ್ಲಿ ಅನ್ನುವ ಕಲ್ಲಕ್ಷರ ಕೆತ್ತುವ ಪಂಡಿತರು ಕ್ಯಾಪಿಟಲ್ಲೇ ಚೆನ್ನಾಗಿ ಕಾಣುತ್ತದೆ ಅಂತ ಹಟ ಹಿಡಿದರು. ಆಗ ಸರ್ಕಾರದವರು ಒಂದು ವಿಮಾನ ನೆಲೆಯಲ್ಲಿ ಅಟ್ಟಣೆ ಕಟ್ಟಿ, ಅದರ ಮೇಲೆ ವಾಯುಪಡೆಯವರನ್ನು ಕೂರಿಸಿ, ಕಾರಿನ ನೆತ್ತಿಗೆ ಬೋರ್ಡ್ ಕಟ್ಟಿ ಅವರ ಕಡೆಗೆ ಓಡಿಸಿದರು. ಯಾವಾಗ ಓದಲು ಬಂತೋ ಆಗ ಹೇಳಬೇಕು. ನಮ್ಮ ಮೇಷ್ಟ್ರು ಸೈಕಲ್ ನಿಲ್ಲಿಸಿ ಮಾಡಿದ್ದನ್ನು ಇವರು ಕಾರಿನಲ್ಲಿ ಮಾಡಿದರು, ಅಷ್ಟೇ! ವ್ಯತ್ಯಾಸ ತೀರಾ ಕಡಿಮೆ ಬಂತು. ಕೊನೆಗೆ ಆಯ್ಕೆಯಾಗಿದ್ದು ಕಿನ್ನೇರ್ ಮತ್ತು ಕ್ಯಾಲ್ವರ್ಟ್ ಅವರ ಅಕ್ಷರ. 1965ರಿಂದ ಬ್ರಿಟನ್ನಿನ ರಸ್ತೆಗಳೆಲ್ಲಾ ಅದರಲ್ಲೇ ಮಾತಾಡುತ್ತಿವೆ.

ಅಕ್ಷರದ ಜೊತೆ ಚಿತ್ರವನ್ನೂ ಕ್ಯಾಲ್ವರ್ಟ್ ಬರೆದರು. ಹಸು ಇದೆ ಎಚ್ಚರಿಕೆ ಅನ್ನುವ ಬೋರ್ಡಿಗೆ ಅವರ ನೆಂಟರ ತೋಟದಲ್ಲಿದ್ದ ಪೇಷೆನ್ಸ್ ಎಂಬ ಹಸುವೇ ಮಾದರಿ. ಶಾಲೆ ಹತ್ತಿರದ ಬೋರ್ಡಿನಲ್ಲಿ ಮೊದಲು ಟೋಪಿ ಹಾಕಿದ ಹುಡುಗ ಹುಡುಗಿಯನ್ನು ಕರೆದುಕೊಂಡು ಹೋಗುತ್ತಿದ್ದ. ಇವರು ಅದನ್ನು ತಿರುಗಿಸಿದರು. ಅಕ್ಕ ಸಣ್ಣ ತಮ್ಮನ ಕೈ ಹಿಡಿದು ನಡೆಯುತ್ತಾಳೆ. ಆ ಅಕ್ಕನಿಗೆ ಮಾದರಿ ಅವರದೇ ಚಿಕ್ಕಂದಿನ ಫೋಟೋ. ನಮ್ಮ ಹಳ್ಳಿಗಳಲ್ಲಿ ಸ್ಕೂಲಿಗೆ ತಮ್ಮನನ್ನು ಎಳೆದುಕೊಂಡು ಹೋಗುವವಳು ಅಕ್ಕನೇ ಅಲ್ವಾ? ಈ ಹೆಂಗಸು ಸರಿಯಾಗಿ ನೋಡಿದ್ದಾರೆ.

ಕನ್ನಡಕ್ಕೆ ಕ್ಯಾಪಿಟಲ್ ಇಲ್ಲ, ಹಾಗಾಗಿ ಈ ಜಗಳ ನಮಗೆ ಇಲ್ಲ ಅಂದುಕೊಳ್ಳಬೇಡಿ. ನಮ್ಮ ಪದದ ಆಕಾರ ಇರುವುದು ತಲೆಯಲ್ಲಿ ಮತ್ತು ಕಾಲಿನಲ್ಲಿ. ಮೇಲೆ ತಲೆಕಟ್ಟು, ಗುಡಿಸು, ಏತ್ವ. ಕೆಳಗೆ ಒತ್ತು. ಫ್ಲೆಕ್ಸಿನವರು ಏನು ಮಾಡುತ್ತಾರೆ? ಜಾಗ ಸಾಲದು ಅಂತ ಅಕ್ಷರವನ್ನು ಅಡ್ಡಕ್ಕೆ ಎಳೆದು ಚಪಾತಿ ಮಾಡುತ್ತಾರೆ. ಕೆಳಗಿನ ಸಾಲನ್ನು ಮೇಲೆ ತಳ್ಳುತ್ತಾರೆ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಡಿಕ್ಕಿ. ಇಂಗ್ಲಿಷಿಗೆ ಬಿಡುವ ಜಾಗ ಕನ್ನಡಕ್ಕೆ ಸಾಲುವುದಿಲ್ಲ ಸ್ವಾಮಿ. ಮೊಳೆ ಕಾಲದಲ್ಲಿ ಒತ್ತಿಗೆ ತನ್ನದೇ ಜಾಗ ಇತ್ತು, ಯಾರೂ ತುಳಿಯುತ್ತಿರಲಿಲ್ಲ.

ಹಿಂದುಗಡೆ ಒಬ್ಬರು ಕೈ ಎತ್ತಿ ಕೇಳುತ್ತಿದ್ದಾರೆ, ಇದರಲ್ಲಿ ದುಡ್ಡು ಎಷ್ಟು ಸಿಗುತ್ತೆ ಅಂತ. ನಿಮ್ಮ ಮಗಳು ಇದನ್ನೇ ಓದುತ್ತೀನಿ ಅಂತಿದ್ದಾಳೆ, ಅಲ್ವಾ? ಸರಿ. ಆಮೇಲೆ ಹೇಳಬೇಕಾಗಿದ್ದನ್ನು ಈಗಲೇ ಹೇಳುತ್ತೇನೆ.

1971ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ಕ್ಯಾರೊಲಿನ್ ಡೇವಿಡ್‌ಸನ್ ಅನ್ನುವ ವಿದ್ಯಾರ್ಥಿನಿ ಒಂದು ಶೂ ಕಂಪನಿಗೆ ಲೋಗೋ ಬರೆದುಕೊಟ್ಟಳು. ಸಿಕ್ಕಿದ್ದು 35 ಡಾಲರ್. ಅದು ನೈಕಿಯ ಟಿಕ್ ಗುರುತು. ನಿಮ್ಮಲ್ಲಿ ಅರ್ಧ ಜನರ ಕಾಲಲ್ಲಿ ಇದೆ, ಒರಿಜಿನಲ್ಲೋ ಡೂಪ್ಲಿಕೇಟೋ ಕೇಳಲ್ಲ. 12 ವರ್ಷ ಆದ ಮೇಲೆ ಕಂಪನಿಯವರು ಕರೆದು ಒಂದು ಉಂಗುರ, ಒಂದಷ್ಟು ಷೇರು ಕೊಟ್ಟರು. ಇನ್ನೊಬ್ಬರು ಮಿಲ್ಟನ್ ಗ್ಲೇಸರ್. ನ್ಯೂಯಾರ್ಕಿನವರು. ಊರು ಆಗ ದಿವಾಳಿ ಅಂಚಿನಲ್ಲಿತ್ತು, ರಾತ್ರಿ ಓಡಾಡಲು ಜನ ಹೆದರುತ್ತಿದ್ದರು. 1976ರಲ್ಲಿ ಟ್ಯಾಕ್ಸಿಯಲ್ಲಿ ಕೂತು, ಒಂದು ಲಕೋಟೆ ಚೂರಿನ ಮೇಲೆ ಕೆಂಪು ಕ್ರೇಯಾನಿನಲ್ಲಿ ‘ಐ’, ಒಂದು ಹೃದಯ, ‘ಎನ್ ವೈ’ ಅಂತ ಗೀಚಿದರು. ಟಿ ಶರ್ಟ್ ಮೇಲೆ ನೋಡಿದ್ದೀರಿ. ಅದಕ್ಕೆ ಒಂದು ಕಾಸೂ ತಗೊಳ್ಳಲಿಲ್ಲ, ತನ್ನ ಊರಿಗೆ ಅಂತ ಮಾಡಿದ್ದು. ಆ ಲಕೋಟೆ ಚೂರು ಈಗ ಮ್ಯೂಸಿಯಮ್ಮಿನಲ್ಲಿದೆ. 2020ರಲ್ಲಿ ತಮ್ಮ 91ನೇ ಹುಟ್ಟುಹಬ್ಬದ ದಿನವೇ ಹೋದರು.

ಇವರ ಪಕ್ಕದಲ್ಲಿ ಪಾಲ್ ರ‍್ಯಾಂಡ್ ಅವರನ್ನು ನಿಲ್ಲಿಸಿ ನೋಡಿ. ಕಂಪ್ಯೂಟರ್ ಕಂಪನಿ ಐಬಿಎಂನ ಅಡ್ಡಗೆರೆಯ ಲೋಗೋ ಅವರದು. 1986ರಲ್ಲಿ ಸ್ಟೀವ್ ಜಾಬ್ಸ್ ತನ್ನ ಹೊಸ ಕಂಪನಿ ನೆಕ್ಸ್ಟ್‌ಗೆ ಲೋಗೋ ಕೇಳಿದ. ನಾಲ್ಕೈದು ಮಾದರಿ ತೋರಿಸ್ತೀರಾ ಅಂದ. ರ‍್ಯಾಂಡ್ ಆಗಲ್ಲ ಅಂದರು. ನಿಮ್ಮ ಸಮಸ್ಯೆಗೆ ಪರಿಹಾರ ಕೊಡುತ್ತೇನೆ, ನೀವು ದುಡ್ಡು ಕೊಡುತ್ತೀರಿ. ನಾನು ಮಾಡಿದ್ದನ್ನು ಬಳಸುವುದು ಬಿಡುವುದು ನಿಮಗೆ ಬಿಟ್ಟದ್ದು, ಅಂದರು. ಒಂದೇ ಲೋಗೋ, ಅದು ಯಾಕೆ ಹಾಗಿದೆ ಅಂತ ವಿವರಿಸುವ ಒಂದು ಪುಸ್ತಕ, 1,00,000 ಡಾಲರ್. ಈ ಕಥೆಯನ್ನು ನಮ್ಮೂರಿನಲ್ಲಿ ಪ್ರಯೋಗ ಮಾಡಿದವನು ನಾನು. ಒಬ್ಬ ಗಿರಾಕಿಗೆ ‘ಒಂದೇ ಮಾದರಿ ಕೊಡೋದು’ ಅಂದೆ. ಅವರು ಕುರ್ಚಿಯಿಂದ ಎದ್ದು ಪಕ್ಕದ ಅಂಗಡಿಗೆ ಹೋದರು.

ದುಡ್ಡಿನ ಲೆಕ್ಕ ಹೀಗಿದೆ. 35 ಡಾಲರ್, ಸೊನ್ನೆ, 1,00,000. ಮೂರೂ ಕೆಲಸ ಚೆನ್ನಾಗಿದ್ದವು. ನಿಮ್ಮ ಮಗಳಿಗೆ ಚಿತ್ರ ಬರೆಯುವುದರ ಜೊತೆ ಬಿಲ್ ಬರೆಯುವುದನ್ನೂ ಕಲಿಸಿ.

ಜಾಹೀರಾತಿಗೆ ಬರುತ್ತೇನೆ. ಇಲ್ಲಿ ದೊಡ್ಡ ಹೆಸರು ಡೇವಿಡ್ ಓಗಿಲ್ವಿ. ಈತ ಮೊದಲು ಪ್ಯಾರಿಸ್ಸಿನ ಒಂದು ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿದ್ದ. ಆಮೇಲೆ ಸ್ಕಾಟ್ಲೆಂಡಿನಲ್ಲಿ ಮನೆ ಮನೆ ಬಾಗಿಲು ತಟ್ಟಿ ಒಲೆ ಮಾರಿದ. ಆಗಾ ಅಂತ ಆ ಒಲೆ ಹೆಸರು. ಎಷ್ಟು ಚೆನ್ನಾಗಿ ಮಾರಿದ ಅಂದರೆ 1935ರಲ್ಲಿ, 24ನೇ ವಯಸ್ಸಿಗೆ, ಬೇರೆ ಮಾರಾಟಗಾರರಿಗೆ ಕೈಪಿಡಿ ಬರೆದುಕೊಡು ಅಂತ ಕಂಪನಿಯೇ ಕೇಳಿತು. ಅಮೆರಿಕಕ್ಕೆ ಹೋಗಿ ಜನಾಭಿಪ್ರಾಯ ಸಮೀಕ್ಷೆ ಮಾಡುವ ಗ್ಯಾಲಪ್ ಹತ್ತಿರ ದುಡಿದ, ಒಂದಷ್ಟು ಕಾಲ ಬೇಸಾಯವನ್ನೂ ಮಾಡಿದ. ಜಾಹೀರಾತು ಕಂಪನಿ ಶುರು ಮಾಡಿದ್ದು 1948ರಲ್ಲಿ, 37ನೇ ವಯಸ್ಸಿಗೆ. ಇಲ್ಲಿ ಕೂತಿರುವ ಕೆಲವರಿಗೆ ಇದು ಸಮಾಧಾನ ಕೊಡಬಹುದು.

ಬಾಗಿಲು ತಟ್ಟಿದವನಿಗೆ ಒಳಗಿರುವ ಹೆಂಗಸು ದಡ್ಡಿ ಅಲ್ಲ ಅಂತ ಗೊತ್ತಿರುತ್ತದೆ. ಓಗಿಲ್ವಿ ಅದನ್ನೇ ಹೇಳಿದ: ಗಿರಾಕಿ ಪೆದ್ದಿ ಅಲ್ಲ ಕಣಯ್ಯಾ, ನಿನ್ನ ಹೆಂಡತಿ ಅವಳು. 1958ರಲ್ಲಿ ರೋಲ್ಸ್ ರಾಯ್ಸ್ ಕಾರಿಗೆ ಅವನು ಬರೆದ ಸಾಲು ಬಹಳ ಪ್ರಸಿದ್ಧ. ಗಂಟೆಗೆ 60 ಮೈಲಿ ವೇಗದಲ್ಲಿ ಈ ಕಾರಿನೊಳಗೆ ಕೇಳಿಸುವ ಅತಿ ದೊಡ್ಡ ಶಬ್ದ ಗಡಿಯಾರದ್ದು, ಅಂತ. ಆ ಸಾಲು ಅವನ ತಲೆಯಿಂದ ಬಂದದ್ದಲ್ಲ. ವಾರಗಟ್ಟಲೆ ಕಾರಿನ ಬಗ್ಗೆ ಓದುತ್ತಾ ಕೂತು, ಮೋಟಾರು ಪತ್ರಿಕೆಯೊಂದರ ವರದಿಯಿಂದ ಹೆಕ್ಕಿದ್ದು. ಅದನ್ನು ನೋಡಿದ ಕಾರಿನ ಎಂಜಿನಿಯರ್ ಏನಂದ ಗೊತ್ತಾ? ಆ ಹಾಳು ಗಡಿಯಾರಕ್ಕೆ ಏನಾದರೂ ಮಾಡಬೇಕು ಅಂದ!

ಗಡಿಯಾರ ಅಂದಾಗ ಈ ಊರಲ್ಲಿ ಎಚ್‌ಎಂಟಿ ಹೇಳದೆ ಹೋಗಲು ಆಗುವುದಿಲ್ಲ. ನಮ್ಮ ಕಾರ್ಖಾನೆಯಲ್ಲಿ ದುಡಿದವರು ಇಲ್ಲೂ ಇದ್ದಾರೆ. ಇಡೀ ದೇಶದ ಕೈಗೆ ಗಡಿಯಾರ ಕಟ್ಟಿದ ಕಂಪನಿ. ಆಗ ಮಾವಂದಿರು ಮದುವೆಗೆ ಕೊಡುತ್ತಿದ್ದುದೇ ಅದು. 1987ರ ಹೊತ್ತಿಗೆ ಅದಕ್ಕೆ ಪೈಪೋಟಿಯಾಗಿ ಟೈಟನ್ ಬಂತು. ಅದರ ಟಿವಿ ಜಾಹೀರಾತು ಮಾಡಿದ್ದು ಓಗಿಲ್ವಿ ಹೆಸರಿನದೇ ಕಂಪನಿಯ ಇಂಡಿಯಾದ ಶಾಖೆ. ಮೊಜಾರ್ಟ್ ಎಂಬ ಸಂಗೀತಗಾರನ 25ನೇ ಸಿಂಫನಿಯ ತುಣುಕು ಅದಕ್ಕೆ. ಆ ರಾಗ ನಿಮಗೆಲ್ಲಾ ಗೊತ್ತು, ಹೆಸರು ಗೊತ್ತಿಲ್ಲದಿದ್ದರೂ. ಗಡಿಯಾರ ಟೈಮ್ ತೋರಿಸುವ ಯಂತ್ರ ಅನ್ನುವ ಮಾತನ್ನೇ ಅವರು ಬಿಟ್ಟರು. ಅದು ಉಡುಗೊರೆ, ಒಡವೆ ಅಂದರು. ಜಾಹೀರಾತಿನ ಪಾಠದಲ್ಲಿ ಇದಕ್ಕೆ ನೂರಕ್ಕೆ ನೂರು ಕೊಡಬೇಕು. ಆದರೆ ತುಮಕೂರಿನಲ್ಲಿ ಕೂತು ಕೇಳಿದವರಿಗೆ ಆ ರಾಗ ಅಷ್ಟು ಸಿಹಿಯಾಗಿರಲಿಲ್ಲ.

ಓಗಿಲ್ವಿಯ ಅದೇ ಇಂಡಿಯಾ ಶಾಖೆಗೆ 1982ರಲ್ಲಿ ಸೇರಿದವರು ಪಿಯೂಷ್ ಪಾಂಡೆ. ಜೈಪುರದವರು. ರಾಜಸ್ಥಾನಕ್ಕೆ ರಣಜಿ ಕ್ರಿಕೆಟ್ ಆಡಿದ್ದರು, ಟೀ ರುಚಿ ನೋಡುವ ಕೆಲಸ ಮಾಡಿದ್ದರು. ಆಗ ಜಾಹೀರಾತು ಅಂದರೆ ಇಂಗ್ಲಿಷಿನಲ್ಲಿ ಯೋಚಿಸಿ ಹಿಂದಿಗೆ ಇಳಿಸುವುದು. ಇವರು ಬೀದಿಯ ಹಿಂದಿಯಲ್ಲೇ ಯೋಚಿಸಿದರು. ಫೆವಿಕಾಲ್ ಜಾಹೀರಾತು ನೆನಪಿದೆಯಾ? ಮರಳುಗಾಡಿನ ರಸ್ತೆ, ಒಂದು ಲಟಾರಿ ಬಸ್ಸು, ಮೇಲೆ ಕೆಳಗೆ ಅಕ್ಕಪಕ್ಕ ಜನ ಜೇನುಗೂಡಿನ ಹಾಗೆ ಅಂಟಿಕೊಂಡಿದ್ದಾರೆ, ಬಸ್ಸು ಎಷ್ಟು ಕುಲುಕಿದರೂ ಒಬ್ಬರೂ ಬೀಳುವುದಿಲ್ಲ. ಒಂದು ಮಾತಿಲ್ಲ. ನಮ್ಮ ಪಾವಗಡ, ಮಧುಗಿರಿ ಬಸ್ಸಿನಲ್ಲಿ ಓಡಾಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಾ? ಪೋಲಿಯೋ ಎರಡು ಹನಿಯ ಪ್ರಚಾರವೂ ಅವರದೇ. 2025ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಇಲ್ಲಿ ನನಗೊಂದು ಹೊಟ್ಟೆಉರಿ ಇದೆ, ಹೇಳಿಬಿಡುತ್ತೇನೆ. ಅವರು ಇಂಗ್ಲಿಷಿನಿಂದ ಹಿಂದಿಯನ್ನು ಬಿಡಿಸಿದರು. ಆ ಹಿಂದಿ ಜಾಹೀರಾತುಗಳನ್ನು ಕನ್ನಡಕ್ಕೆ ಇಳಿಸುವವರು ನಮಗೆ ಅದೇ ಹಳೇ ಗಂಜಿ ಬಡಿಸುತ್ತಿದ್ದಾರೆ. ‘ನಿಮ್ಮ ತ್ವಚೆಗೆ ನೀಡಿ ಕೋಮಲ ಆರೈಕೆ.’ ಈ ಸಭೆಯಲ್ಲಿ ಯಾರಾದರೂ ಮನೆಯಲ್ಲಿ ತ್ವಚೆ ಅಂದಿದ್ದೀರಾ? ‘ಅಮ್ಮಾ, ನನ್ನ ತ್ವಚೆ ಕೆರೀತಿದೆ’ ಅಂತ? ಚರ್ಮ ಅನ್ನಲು ನಾಚಿಕೆ ಯಾಕೆ? ಈ ಜಿಲ್ಲೆಯ ಗುಬ್ಬಿ ವೀರಣ್ಣನವರ ಕಂಪನಿಗೆ ಇಂಥ ತೊಂದರೆ ಇರಲಿಲ್ಲ. 1934ರಲ್ಲಿ ‘ಕುರುಕ್ಷೇತ್ರ’ ಆಡಿದಾಗ ನಿಜವಾದ ಆನೆ, ಕುದುರೆಗಳನ್ನೇ ತಂದರು. ನಾಟಕಕ್ಕೆ ಆನೆ ಬರುತ್ತೆ ಅಂತ ಊರಿಗೆ ಗೊತ್ತಾದ ಮೇಲೆ ಇನ್ನೇನು ಬರೆಯಬೇಕು ಕರಪತ್ರದಲ್ಲಿ? ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಶುರುವಾದದ್ದು ನಮ್ಮ ಗಂಧದ ಸೋಪು. ಅದನ್ನು ರೂಪಿಸಿದ ‘ಸೋಪು ಶಾಸ್ತ್ರಿ’ ಎಸ್.ಜಿ. ಶಾಸ್ತ್ರಿಗಳು ಡಬ್ಬಿಯನ್ನು ಒಡವೆ ಪೆಟ್ಟಿಗೆ ಥರ ಮಾಡಿಸಿದರು. ಆನೆ ಸೊಂಡಿಲು, ಸಿಂಹದ ಮೈಯ ಶರಭವನ್ನು ಗುರುತು ಮಾಡಿದರು. ಕರಾಚಿಯಲ್ಲಿ ಒಂಟೆ ಮೆರವಣಿಗೆ ಮಾಡಿಸಿ ಪ್ರಚಾರ ಕೊಟ್ಟರು. ಅವರ ಕಾಲದಲ್ಲಿ ‘ಬ್ರ್ಯಾಂಡಿಂಗ್’ ಅನ್ನುವ ಪದ ಯಾರ ಬಾಯಲ್ಲೂ ಇರಲಿಲ್ಲ.

ಸತ್ಯಜಿತ್ ರಾಯ್ ಬಗ್ಗೆ ಎರಡು ಮಾತು. ಅವರನ್ನು ಸಿನಿಮಾದವರು ಅಂತ ಎಲ್ಲರೂ ತಿಳಿದಿದ್ದಾರೆ. 1943ರಲ್ಲಿ ಕಲ್ಕತ್ತೆಯ ಡಿ.ಜೆ. ಕೀಮರ್ ಎಂಬ ಜಾಹೀರಾತು ಕಂಪನಿಗೆ ತಿಂಗಳಿಗೆ 80 ರೂಪಾಯಿ ಸಂಬಳಕ್ಕೆ ಸೇರಿದವರು ಅವರು. ಪುಸ್ತಕದ ಮುಖಪುಟ ಬರೆದರು, ಇಂಗ್ಲಿಷ್ ಅಕ್ಷರಗಳ ವಿನ್ಯಾಸವನ್ನೂ ಮಾಡಿದರು. ‘ರೇ ರೋಮನ್’ ಅಂತ ಒಂದಿದೆ, ಹುಡುಕಿ ನೋಡಿ. ಸಿನಿಮಾ ಮಾಡುವಾಗಲೂ ಪೋಸ್ಟರ್, ಟೈಟಲ್ ಅಕ್ಷರ ಅವರದೇ.

ಈಗ ಹೊಟ್ಟೆ ಸೀಳಿಗೆ ವಾಪಸ್ ಬರುತ್ತೇನೆ. ಕಂಪ್ಯೂಟರ್ ಬಂದಾಗ ನಮ್ಮ ಅಕ್ಷರಗಳಿಗೆ ಯಾರು ದಿಕ್ಕು? ಒಬ್ಬರು ಆರ್.ಕೆ. ಜೋಶಿ. 1936ರಲ್ಲಿ ಹುಟ್ಟಿದವರು, 2008ರಲ್ಲಿ ಹೋದರು. ಮರಾಠಿಯವರು, ಉಲ್ಕಾ ಎಂಬ ಜಾಹೀರಾತು ಕಂಪನಿಯಲ್ಲಿದ್ದರು, ಆಮೇಲೆ ಬಾಂಬೆ ಐಐಟಿಯಲ್ಲಿ ಪಾಠ ಹೇಳಿದರು. ವಿಂಡೋಸ್‌ನಲ್ಲಿ ಹಿಂದಿಗೆ ಮಂಗಲ್, ತಮಿಳಿಗೆ ಲತಾ, ತೆಲುಗಿಗೆ ಗೌತಮಿ, ಕನ್ನಡಕ್ಕೆ ತುಂಗಾ ಬಂದವಲ್ಲ, ಅವೆಲ್ಲಾ ಅವರ ಮುಂದಾಳತ್ವದಲ್ಲಿ ಆದದ್ದು. ತುಂಗಾ ನನಗೆ ಅಷ್ಟು ಇಷ್ಟ ಇಲ್ಲ, ತೆಳ್ಳಗೆ ಕಾಣುತ್ತದೆ. ಆದರೆ ಅದು ಇರದಿದ್ದರೆ ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಕನ್ನಡದ ಜಾಗದಲ್ಲಿ ಬರೀ ಖಾಲಿ ಚೌಕ ಕಾಣುತ್ತಿತ್ತು. ಆ ಚೌಕಗಳನ್ನು ನೋಡಿದವರಿಗೆ ತುಂಗಾ ಬೆಲೆ ಗೊತ್ತು.

ಇನ್ನೊಬ್ಬರು ನಮ್ಮವರೇ, ಕೆ.ಪಿ. ರಾವ್. ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುವವರೆಲ್ಲಾ ದಿನಾ ಅವರ ಕೀಲಿಮಣೆಯ ಮೇಲೆ ಬೆರಳಿಡುತ್ತೀರಿ. ಅದರ ಜಾಣತನ ನೋಡಿ. ಕನ್ನಡ ವರ್ಣಮಾಲೆ ಪೂರ್ತಿ 26 ಗುಂಡಿಯಲ್ಲಿ ಕೂರಿಸಿದರು. ‘ಎಫ್’ ಗುಂಡಿ ಒತ್ತಿದರೆ ಅರ್ಧಾಕ್ಷರ, ಅದರಿಂದ ಎಲ್ಲಾ ಒತ್ತು ಹುಟ್ಟುತ್ತವೆ. ಮೊಳೆ ಕೇಸಿನ ನೂರಾರು ಮನೆ ಎಲ್ಲಿ, ಇದೆಲ್ಲಿ! ಅಲ್ಪಪ್ರಾಣ ಸುಮ್ಮನೆ ಒತ್ತಿದರೆ ಬರುತ್ತದೆ, ಮಹಾಪ್ರಾಣಕ್ಕೆ ಶಿಫ್ಟ್ ಹಿಡಿಯಬೇಕು. ‘ಡಿ’ ಒತ್ತಿದರೆ ದ. ಶಿಫ್ಟ್ ಹಿಡಿದು ‘ಡಿ’ ಒತ್ತಿದರೆ ಧ. ಶಿಫ್ಟ್ ಅಂದರೆ ಹೊಟ್ಟೆ ಸೀಳು. ಇದನ್ನು ಮೊದಲ ಸಲ ಒತ್ತಿದಾಗ ಅಶೋಕ ರಸ್ತೆಯ ಆ ರಾತ್ರಿ ನೆನಪಾಗಿ ನಾನೊಬ್ಬನೇ ಕೂತು ನಕ್ಕೆ. ಅವತ್ತು ಶಿಫ್ಟ್ ಮರೆತಿದ್ದೆ ಅಂತ.

ಈಗ ಕನ್ನಡದಲ್ಲಿ ಫಾಂಟಿಗೆ ಬರವಿಲ್ಲ. ಬಿಟ್ಟಿಯಾಗಿ ಸಿಗುವ ‘ಬಲೂ ತಮ್ಮ’ ಇದೆ, ‘ನವಿಲು’ ಇದೆ, ‘ಗುಬ್ಬಿ’ ಅಂತಲೇ ಒಂದಿದೆ. ಗುಬ್ಬಿಯವರು ಬಂದಿದ್ದರೆ ಖುಷಿ ಪಡಬೇಡಿ, ಅದು ಹಕ್ಕಿ ಇರಬೇಕು, ಊರಲ್ಲ. ಆದರೆ ಯಾವ ಫಾಂಟ್ ಹಾಕಿದರೂ ಮೊದಲು ಒಂದು ಪದ ಬರೆದು ನೋಡಿ: ಧನ. ಆಮೇಲೆ ಫಲ. ಆಮೇಲೆ ಅದನ್ನು ಬೆರಳಗಲ ಸಣ್ಣ ಮಾಡಿ ನೋಡಿ.

ಆ ಅಂಗಡಿ ಈಗಲೂ ಇದೆ. ನಾನು ಬರೆದ ತಗಡು ಹೋಗಿ ಫ್ಲೆಕ್ಸ್ ಬಂತು, ಫ್ಲೆಕ್ಸ್ ಹೋಗಿ ಈಗ ಎಲ್‌ಇಡಿ ಬೆಳಕಿನ ಉಬ್ಬು ಅಕ್ಷರ. ಹೋದ ತಿಂಗಳು ಸಂಜೆ ಹೊತ್ತು ಅದರ ಮುಂದೆ ಹಾದು ಹೋದೆ. ಬೆಳಕು ಉಕ್ಕಿ ಸೀಳು ತುಂಬಿಹೋಗಿದೆ. ದೂರದಿಂದ ನೋಡಿದರೆ ಮತ್ತೆ ದನ! ಒಳಗೆ ಹೋದೆ. ಗಲ್ಲಾದಲ್ಲಿ ಆಗಿನ ಯಜಮಾನರ ಮೊಮ್ಮಗ ಇದ್ದ. ಹೇಳಿದೆ. ಅವನು ಫೋನಿನಿಂದ ತಲೆ ಎತ್ತದೆ, ‘ಅದು ಫಾಂಟ್ ಅಂಕಲ್, ಹಾಗೇ ಬರತ್ತೆ’ ಅಂದ. ‘ಒಂದ್ನಿಮಿಷ ಬಾರಪ್ಪಾ’ ಅಂತ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದೆ. ಈಗ ಅಲ್ಲಿ ಟ್ರಾಫಿಕ್ ಎಷ್ಟಿರುತ್ತೆ ಅಂತ ನಿಮಗೇ ಗೊತ್ತು. ರಸ್ತೆ ದಾಟಲು ನಮ್ಮಿಬ್ಬರಿಗೆ ಐದು ನಿಮಿಷ ಹಿಡಿಯಿತು.